ಬಿಸಿ ರೊಟ್ಟಿಯ ಋಣ

ಹೋಟೆಲಿನ ಊಟದ ವಿಮರ್ಶೆ ಬರೆಯಲು ನಿನಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಉತ್ತರ. ಬಿ.ಎ., ಬಿ.ಎಡ್. ಮಾಡಿದ್ದು ಕನ್ನಡ ಕಲಿಸುವುದಕ್ಕೆ. ಅಡುಗೆಗೆ ನನ್ನ ಬಳಿ ಯಾವ ಸರ್ಟಿಫಿಕೇಟೂ ಇಲ್ಲ. ಆದರೆ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದು 30 ವರ್ಷವಾಯಿತು. ದಿನಕ್ಕೆ 15 ರೊಟ್ಟಿ ಎಂದು ಹಿಡಿದರೂ ಲೆಕ್ಕ ಒಂದು ಲಕ್ಷ ಅರವತ್ತು ಸಾವಿರ ದಾಟುತ್ತದೆ. ಇಷ್ಟು ರೊಟ್ಟಿ ಬಡಿದವಳು ಇನ್ನೊಬ್ಬರ ರೊಟ್ಟಿಯ ಬಗ್ಗೆ ನಾಲ್ಕು ಮಾತಾಡಿದರೆ ತಪ್ಪೇನೂ ಇಲ್ಲವೆಂದು ನೀವೂ ಒಪ್ಪುತ್ತೀರಿ ಎಂದುಕೊಂಡಿದ್ದೇನೆ.

ನಮ್ಮ ಕಡೆ ಊಟದ ಹೋಟೆಲೆಂದರೆ ಖಾನಾವಳಿ. ಮಾತು ಮರಾಠಿಯಿಂದ ಬಂದದ್ದು, ಊಟ ಮಾತ್ರ ನಮ್ಮದೇ. ಎರಡು ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ, ಶೇಂಗಾ ಹಿಂಡಿ, ಮೊಸರು, ಹೆಚ್ಚಿದ ಉಳ್ಳಾಗಡ್ಡಿ, ಕೊನೆಗೆ ಒಂದಿಷ್ಟು ಅನ್ನ ಸಾರು. ಪರ ಊರಿನ ನೌಕರರು, ಕೋರ್ಟು ಕಚೇರಿಗೆ ಬಂದ ರೈತರು, ರೂಮು ಮಾಡಿಕೊಂಡು ಓದುವ ಹುಡುಗರು, ಇವರೇ ಅದರ ಗಿರಾಕಿಗಳು. ಹೆಂಗಸರು ಖಾನಾವಳಿಗೆ ಹೋಗುವುದು ಕಡಿಮೆ, ಒಬ್ಬಳೇ ಹೋಗುವುದಂತೂ ಇಲ್ಲವೇ ಇಲ್ಲ ಎನ್ನಬೇಕು. 2013ರ ಚುನಾವಣೆಯ ಕೆಲಸಕ್ಕೆ ಹೋದಾಗ ನಾನೂ ನನ್ನ ಸಹೋದ್ಯೋಗಿಯೂ ಧೈರ್ಯ ಮಾಡಿ ಒಂದು ಖಾನಾವಳಿಯ ಮೆಟ್ಟಿಲು ಹತ್ತಿದೆವು. ಗಲ್ಲಾದ ಮೇಲೆ ಕೂತವರು ನಮ್ಮನ್ನು ನೋಡಿ ಎದ್ದು ನಿಂತು, ‘ಬಾಯೋರೆ, ಫ್ಯಾಮಿಲಿ ರೂಮ್ ಅದ ಬರ್ರಿ’ ಎಂದು ಒಳಗೆ ಕರೆದುಕೊಂಡು ಹೋದರು. ರೂಮೆಂದರೆ ಎರಡು ಮೇಜು, ಒಂದು ಎಣ್ಣೆಗಟ್ಟಿದ ಪರದೆ. ಊಟ ಚೆನ್ನಾಗಿತ್ತು. ಆದರೆ ಊಟದುದ್ದಕ್ಕೂ ನಾವು ಏನೋ ಕದ್ದು ತಿನ್ನುತ್ತಿದ್ದೇವೆ ಎನ್ನಿಸಿದ್ದು ಆ ಪರದೆಯಿಂದಾಗಿ.

ಇದನ್ನು ಹೇಳಿದ್ದು ಯಾಕೆಂದರೆ, ಹೋದ ಶ್ರಾವಣದಲ್ಲಿ ಹುಮನಾಬಾದಿನ ಒಂದು ಸಣ್ಣ ಹೋಟೆಲಿನಲ್ಲಿ ನಾನು ಒಬ್ಬಳೇ, ಪರದೆಯಿಲ್ಲದೆ, ರಸ್ತೆಯ ಕಡೆಗೆ ಮುಖ ಮಾಡಿ ಕೂತು ಒಂದೂವರೆ ತಾಸು ಊಟ ಮಾಡಿದೆ. ಆ ಊಟದ ಕತೆಯೇ ಈ ಲೇಖನ.

ಹೋಟೆಲು ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ಬಸವಕಲ್ಯಾಣದಲ್ಲಿ ನನ್ನ ಕ್ಲಾಸಿನಲ್ಲಿ ಮೂರನೆಯ ಬೆಂಚಿನಲ್ಲಿ ಕೂಡುತ್ತಿದ್ದ. ತಂದೆ ಇರಲಿಲ್ಲ. ತಾಯಿ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಹಿಟ್ಟು ಅವರದು, ಕೈ ಇವಳದು. ಒಂದು ರೊಟ್ಟಿಗೆ ಎಂಟಾಣೆ. ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ, ಹೈದರಾಬಾದಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು, ದೊಡ್ಡ ಹೋಟೆಲುಗಳಲ್ಲಿ ಏಳೆಂಟು ವರ್ಷ ದುಡಿದು, ಈಗ ಹುಮನಾಬಾದಿನಲ್ಲಿ ಆರು ಮೇಜಿನ ಒಂದು ಹೋಟೆಲು ಹಾಕಿದ್ದಾನೆ. ಪೋನು ಮಾಡಿ, ‘ಬಾಯೋರೆ, ಒಮ್ಮಿ ಬಂದು ಉಂಡು ಹೋಗ್ರಿ. ಸುಮ್ನ ಹೊಗಳಬ್ಯಾಡ್ರಿ, ಪೇಪರ್ ತಿದ್ದಿದಂಗ ನಂಬರ್ ಹಾಕ್ರಿ’ ಎಂದ. ಅವನ ಹೋಟೆಲಿನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಶಿಷ್ಯನ ಹೋಟೆಲಿಗೆ ಜಾಹೀರಾತು ಬರೆದಳು ಎನ್ನಿಸಿಕೊಳ್ಳುವ ಮನಸ್ಸಿಲ್ಲ. ತಪ್ಪು ಹೇಳುವಾಗ ಊರೆಲ್ಲ ಕೇಳಲಿ ಎಂಬ ಮನಸ್ಸೂ ಇಲ್ಲ.

ಒಂದು ಆದಿತ್ಯವಾರ ಹೊರಟೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥವರಿಗೆ ಹುಮನಾಬಾದೆಂದರೆ ಪಕ್ಕದ ಓಣಿ. ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟು ಹಿಡಿದು ಕಿಟಕಿಯ ಪಕ್ಕ ಕೂತರೆ ಸಾಕು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ, ಬೀದರಿನಿಂದ ಕಲಬುರಗಿಗೆ ಹೋಗುವ ಹೆದ್ದಾರಿಯೂ ಹುಮನಾಬಾದಿನಲ್ಲಿ ಕೂಡುತ್ತವೆ. ವೀರಭದ್ರೇಶ್ವರನ ಜಾತ್ರೆಗೆ, ಮಾಣಿಕನಗರದ ದರ್ಶನಕ್ಕೆ ಬರುವವರು, ಲಾರಿಯವರು, ಕಾರಿನವರು ಹೀಗೆ ಹಸಿದ ಜನಕ್ಕೆ ಆ ಊರಿನಲ್ಲಿ ಕೊರತೆಯಿಲ್ಲ. ಹೆದ್ದಾರಿಯ ಧಾಬಾಗಳು ಇರುವುದೂ ಅದಕ್ಕೇ. ಇವನ ಹೋಟೆಲು ಮಾತ್ರ ಹೆದ್ದಾರಿ ಬಿಟ್ಟು ಒಳಗೆ, ಮನೆಗಳ ನಡುವೆ ಇದೆ.

ಒಳಗೆ ಹೋದ ಕೂಡಲೇ ಮೆಚ್ಚಿಕೊಂಡದ್ದು ಎರಡು ಸಂಗತಿ. ಒಂದು, ಬೆಳಕು. ಇನ್ನೊಂದು, ಫ್ಯಾಮಿಲಿ ರೂಮ್ ಇಲ್ಲದಿರುವುದು. ಇಬ್ಬರು ನರ್ಸುಗಳು ಒಂದು ಮೇಜಿನಲ್ಲಿ ಕೂತು ನಗುತ್ತಾ ಉಣ್ಣುತ್ತಿದ್ದರು, ಯಾರೂ ಅವರನ್ನು ತಿರುಗಿ ನೋಡುತ್ತಿರಲಿಲ್ಲ. ನಮ್ಮಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಮೆಚ್ಚದೇ ಹೋದದ್ದು ಮೆನು ಕಾರ್ಡು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಶೇಂಗಾ ಹಿಂಡಿ ‘ಪೀನಟ್ ಡ್ರೈ ಚಟ್ನಿ’ ಆಗಿತ್ತು. ಪುಂಡಿ ಪಲ್ಯ ‘ಸಾವರ್ ಗ್ರೀನ್ಸ್’. ರೊಟ್ಟಿ ‘ಮಿಲೆಟ್ ಫ್ಲಾಟ್ ಬ್ರೆಡ್’. ಕನ್ನಡ ಟೀಚರ್ ಎಂಬ ಕಾರಣಕ್ಕೆ ಮಾತ್ರ ಇದನ್ನು ಹೇಳುತ್ತಿಲ್ಲ. ಹಿಂಡಿಗೂ ಚಟ್ನಿಗೂ ಅಂತರವಿದೆ. ಶೇಂಗಾ, ಬೆಳ್ಳುಳ್ಳಿ, ಖಾರ ಸೇರಿಸಿ ಒರಳಿನಲ್ಲಿ ಕುಟ್ಟುವಾಗ ಕಾಳಿನ ಎಣ್ಣೆ ಬಿಟ್ಟುಕೊಂಡು ಪುಡಿಯೆಲ್ಲ ಒಂದಕ್ಕೊಂದು ಹಿಡಿಯುತ್ತದಲ್ಲ, ಆಗ ಅದು ಹಿಂಡಿ. ಹೆಸರು ಬಿಟ್ಟರೆ ಕುಟ್ಟುವುದನ್ನೂ ಬಿಡುತ್ತೇವೆ, ಮಿಕ್ಸಿಯ ಪುಡಿಗೇ ಒಗ್ಗಿಕೊಳ್ಳುತ್ತೇವೆ. ನಿಜಾಮರ ಕಾಲದಲ್ಲಿ ಶಾಲೆಯಲ್ಲೂ ಕಚೇರಿಯಲ್ಲೂ ಉರ್ದು ನಡೆಯುತ್ತಿದ್ದಾಗ ಈ ಭಾಗದ ಕನ್ನಡ ಉಳಿದದ್ದು ಎಲ್ಲಿ? ಹೊಲದಲ್ಲಿ ಮತ್ತು ಅಡುಗೆಮನೆಯಲ್ಲಿ. ಅಲ್ಲಿಂದಲೂ ಅದನ್ನು ಹೊರಗೆ ಹಾಕಿದರೆ ಎಲ್ಲಿ ಹೋಗಬೇಕು ಹೇಳಿ.

ಇನ್ನು ಊಟಕ್ಕೆ ಬರುತ್ತೇನೆ.

ಮೊದಲು ಬಂದದ್ದು ಸಣ್ಣ ಗಾಜಿನ ಲೋಟದಲ್ಲಿ ಜೋಳದ ಅಂಬಲಿ. ರಾತ್ರಿಯಿಡೀ ಹುಳಿ ಬಂದದ್ದು, ಮಜ್ಜಿಗೆ ಬೆರೆಸಿ, ಹುರಿದ ಜೀರಿಗೆ ಕೈಯಲ್ಲೇ ತಿಕ್ಕಿ ಹಾಕಿದ್ದ. ತಣ್ಣಗೆ, ತೆಳ್ಳಗೆ, ಸರಿಯಾದ ಹುಳಿ. ಬಸ್ಸಿನ ಧೂಳು ಗಂಟಲಿನಿಂದ ಇಳಿದು ಹೋಯಿತು. ಚಿಕ್ಕಂದಿನಲ್ಲಿ ನಾವು ಬಡವರ ಊಟವೆಂದು ಮುಖ ತಿರುಗಿಸುತ್ತಿದ್ದ ಅಂಬಲಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ನೋಡಿ ಖುಷಿಯಾಯಿತು. ಹತ್ತಕ್ಕೆ ಒಂಬತ್ತು.

ಎರಡನೆಯದು ಅಂಗೈಯಗಲದ ಕಡಕ್ ರೊಟ್ಟಿ. ಅದರ ಮೇಲೆ ಬೆಳ್ಳುಳ್ಳಿ ಉಜ್ಜಿ, ಹಣ್ಣಾದ ಜವಾರಿ ಟೊಮೆಟೊವನ್ನು ಅರ್ಧಕ್ಕೆ ಕೊಯ್ದು ತಿಕ್ಕಿ, ಉಪ್ಪು ಉದುರಿಸಿ, ಕುಸುಬಿ ಎಣ್ಣೆ ಬಿಟ್ಟಿದ್ದ. ಇದೇನಪ್ಪ ಎಂದು ಕೇಳಿದೆ. ‘ಸ್ಪೇನ್ ದೇಶದಾಗ ಕ್ಯಾಟಲೋನಿಯಾ ಅಂತ ಒಂದು ನಾಡು ಅದರಿ ಬಾಯೋರೆ. ಅವ್ರು ಬ್ರೆಡ್ಡಿಗಿ ಹಿಂಗ ಟೊಮೆಟೊ ತಿಕ್ಕಿ ಆಲಿವ್ ಎಣ್ಣಿ ಹಾಕ್ತಾರ. ಅದು ಅವರ ದಿನದ ಊಟ. ನಾವು ರೊಟ್ಟಿಗಿ ಕೆಂಪು ಖಾರ, ಎಣ್ಣಿ ಹಚ್ಕೊಂಡು ತಿಂತೀವಲ್ಲ, ಹಂಗ’ ಎಂದ. ಆಲಿವ್ ಎಣ್ಣೆ ತರಿಸದೆ ನಮ್ಮ ಹೊಲದ ಕುಸುಬಿ ಎಣ್ಣೆಯನ್ನೇ ಬಳಸಿದ್ದು ಅವನ ಜಾಣತನ. ಆ ಎಣ್ಣೆಯ ಹಸಿ ವಾಸನೆ, ಟೊಮೆಟೊದ ಹುಳಿ, ರೊಟ್ಟಿಯ ಕರಕರ, ಮೂರೂ ಸೇರಿ ಬಾಯಿಗೆ ಹೊಸದೂ ಅನ್ನಿಸಿತು, ಹಳೆಯದೂ ಅನ್ನಿಸಿತು. ಒಂದೇ ಮಾತು: ತಂದ ತಕ್ಷಣ ತಿನ್ನಬೇಕು. ಮಾತಾಡುತ್ತ ಕೂತರೆ ರೊಟ್ಟಿ ಮೆತ್ತಗಾಗುತ್ತದೆ. ಇದಕ್ಕೂ ಒಂಬತ್ತು.

ಮೂರನೆಯದು ಪುಂಡಿ ಪಲ್ಯವನ್ನು ಉಂಡೆ ಕಟ್ಟಿ ಎಣ್ಣೆಯಲ್ಲಿ ಕರಿದದ್ದು. ಇಲ್ಲಿ ಹುಡುಗ ಎಡವಿದ್ದಾನೆ. ಪುಂಡಿಯ ಜೀವ ಇರುವುದು ಹುಳಿಯಲ್ಲಿ. ಜೋಳದ ನುಚ್ಚು, ತೊಗರಿಬೇಳೆ, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಒಂದು ರಾತ್ರಿ ಇಟ್ಟು ಮರುದಿನ ಉಂಡರೆ ಅದರ ರುಚಿಯೇ ಬೇರೆ. ಕರಿದ ಉಂಡೆಯಲ್ಲಿ ಬಾಯಿಗೆ ಸಿಗುವುದು ಹೊರಗಿನ ಗರಿಗರಿ ಮಾತ್ರ; ಹುಳಿ ಹಿಟ್ಟಿನೊಳಗೆ ಎಲ್ಲೋ ಅಡಗಿ ಕೂತಿತ್ತು. ಕರಿದರೆ ಎಲ್ಲವೂ ರುಚಿ ಎನ್ನುವುದು ಹೋಟೆಲಿನವರ ನಂಬಿಕೆ. ಆದರೆ ಕರಿದರೆ ಎಲ್ಲದರ ರುಚಿಯೂ ಒಂದೇ ಆಗುತ್ತದೆ ಎನ್ನುವುದನ್ನು ಅವರು ಗಮನಿಸುವುದಿಲ್ಲ. ನಾಲ್ಕು ಅಂಕ.

ನಾಲ್ಕನೆಯದು ತುಂಬಿದ ಬದನೆಕಾಯಿ. ಕಾಯಿ ಎಳೆಯದು, ಬೆಂದದ್ದೂ ಹದವಾಗಿ. ಆದರೆ ಮಸಾಲೆಯಲ್ಲಿ ಗುರೆಳ್ಳು, ಶೇಂಗಾದ ಜೊತೆಗೆ ಗೋಡಂಬಿ ಅರೆದು ಹಾಕಿದ್ದ. ಗುರೆಳ್ಳಿನ ಸಣ್ಣ ಕಹಿಯೇ ಆ ಪಲ್ಯದ ಬೆನ್ನೆಲುಬು; ಗೋಡಂಬಿ ಅದನ್ನು ಸಿಹಿ ಮಾಡಿ ಮಲಗಿಸಿಬಿಟ್ಟಿತ್ತು. ಯಾಕೆ ಹಾಕಿದೆ ಎಂದರೆ, ‘ಹೈದ್ರಾಬಾದಿನ ಗಿರಾಕಿ ಗ್ರೇವಿ ಕೇಳ್ತಾರ್ರಿ’ ಎಂದ. ನಮ್ಮ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಯ್ದಕ್ಕಿ ಲಕ್ಕಮ್ಮ ಎಂಬ ಶರಣೆ ಇದ್ದಳು. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದವಳು. ಅವಳು ಹೇಳಿದ್ದು ಆಸೆಯ ಬಗ್ಗೆ. ಆದರೆ ಅಡುಗೆ ಮಾಡುವವರಿಗೂ ಅದಕ್ಕಿಂತ ದೊಡ್ಡ ಪಾಠವಿಲ್ಲ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಗೋಡಂಬಿಯನ್ನು ಹಿಂದಕ್ಕೆ ಸುರಿದು ಬರಬೇಕು. ಆರು ಅಂಕ.

ಐದನೆಯದು ಭಜ್ಜಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಮಾಡುವ ನಮ್ಮ ಭಜ್ಜಿ ಗೊತ್ತಲ್ಲ? ಎಣ್ಣೆಯಲ್ಲಿ ಕರಿಯುವ ಭಜಿಯಲ್ಲ, ಹಸಿ ಕಾಳು, ಸೊಪ್ಪು, ಹುಣಸೆಹುಳಿ, ಕಡಲೆಹಿಟ್ಟು ಎಲ್ಲ ಕೂಡಿಸಿ ಕುದಿಸುವ ಪಲ್ಯ. ಡಿಸೆಂಬರ್ ಜನವರಿಯಲ್ಲಿ ಹಸಿ ತೊಗರಿ, ಹಸಿ ಕಡಲೆ, ಮೆಂತ್ಯೆ ಎಲ್ಲ ಹೊಲದಿಂದ ನೇರವಾಗಿ ಒಲೆಗೆ ಬರುವ ಹೊತ್ತು ಅದು. ಶ್ರಾವಣದಲ್ಲಿ ಅದನ್ನು ಮಾಡಹೊರಟರೆ ಫ್ರಿಜ್ಜಿನ ಬಟಾಣಿಯೇ ಗತಿ. ರುಚಿ ಕೆಟ್ಟಿರಲಿಲ್ಲ, ಆದರೆ ಹಬ್ಬವಿಲ್ಲದ ದಿನ ಹಬ್ಬದ ಸೀರೆ ಉಟ್ಟ ಹಾಗಿತ್ತು. ವರ್ಷವಿಡೀ ಸಿಗುವಂತೆ ಮಾಡಿದರೆ ವರ್ಷಕ್ಕೊಮ್ಮೆ ಕಾಯುವ ಸುಖ ಹೋಗುತ್ತದೆ. ಐದು ಅಂಕ.

ಇಷ್ಟರಲ್ಲಿ ರೊಟ್ಟಿ ಬಂತು.

ಈ ರೊಟ್ಟಿಯ ಬಗ್ಗೆ ಬರೆಯುವುದು ನನಗೆ ಸುಲಭವಲ್ಲ. ಬಿಳಿಜೋಳದ ರೊಟ್ಟಿ, ಹಂಚಿನಿಂದ ಇಳಿದು ಅರ್ಧ ನಿಮಿಷವೂ ಆಗಿರಲಿಲ್ಲ. ಮೇಲೆ ಉಬ್ಬಿದ ಪದರು ಇನ್ನೂ ಉಸಿರು ಬಿಡುತ್ತಿತ್ತು. ಮುರಿದೆ, ಆವಿ ಬಂದು ಬೆರಳಿಗೆ ತಾಗಿತು. ಅಂಚು ಎಲ್ಲೂ ಬಿರಿದಿರಲಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತನ್ನದೇ ಅಂಟಿಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಮಾತ್ರ ಜಿಗಿ ಬರುತ್ತದೆ, ಅದೂ ಹಿಟ್ಟು ಹೊಸದಾಗಿದ್ದರೆ. ಒಂದೇ ಸಲಕ್ಕೆ ಬಹಳ ನಾದಿಟ್ಟರೆ ಕೊನೆಯ ರೊಟ್ಟಿಗಳು ಹರಿಯುತ್ತವೆ. ಆದ್ದರಿಂದ ನಾಲ್ಕೈದು ರೊಟ್ಟಿಗೊಮ್ಮೆ ಹೊಸದಾಗಿ ನಾದಬೇಕು. ಈ ರೊಟ್ಟಿಯಲ್ಲಿ ಆ ಕೆಲಸವೆಲ್ಲ ಕಾಣುತ್ತಿತ್ತು. ನಾನು ಒಂದು ಮುಗಿಸುವ ಹೊತ್ತಿಗೆ ಇನ್ನೊಂದು ಬಂತು. ಅದನ್ನು ಮುಗಿಸುವ ಹೊತ್ತಿಗೆ ಮತ್ತೊಂದು.

ಮೂರನೆಯ ರೊಟ್ಟಿಯ ಹೊತ್ತಿಗೆ ನನ್ನ ಕಣ್ಣು ಒದ್ದೆಯಾಯಿತು. ಖಾರ ಹೆಚ್ಚಾಗಿದೆ ಎಂದುಕೊಂಡು ಹುಡುಗ ಮೊಸರು ತಂದಿಟ್ಟ. ಖಾರವಲ್ಲ. 30 ವರ್ಷಗಳಲ್ಲಿ ನಾನು ಕೂತಲ್ಲಿಗೆ ಒಂದರ ಹಿಂದೆ ಒಂದು ಬಿಸಿ ರೊಟ್ಟಿ ಬಂದದ್ದು ಅದೇ ಮೊದಲು. ನಮ್ಮ ಮನೆಯವರು ಕೆಟ್ಟವರಲ್ಲ, ಮಕ್ಕಳೂ ಒಳ್ಳೆಯವರೇ. ಆದರೆ ರೊಟ್ಟಿಯ ನೇಮವೇ ಹಾಗೆ. ಬಡಿಯುವವಳು ಬಡಿಯುತ್ತಿರಬೇಕು, ಉಣ್ಣುವವರು ಉಣ್ಣುತ್ತಿರಬೇಕು. ಒಲೆ ಆರಿಸಿ, ಪರಾತ ತೊಳೆದು, ಹಿಟ್ಟಿನ ಕೈ ಒರೆಸಿಕೊಂಡು ಅವಳು ಕೂಡುವ ಹೊತ್ತಿಗೆ ಬುಟ್ಟಿಯ ತಳದ ರೊಟ್ಟಿ ತಣ್ಣಗಾಗಿ ಬೆವರಿರುತ್ತದೆ. ನನ್ನ ಅವ್ವ ಹಾಗೆಯೇ ಉಂಡಳು, ಅತ್ತೆ ಹಾಗೆಯೇ ಉಂಡರು, ನಾನೂ ಹಾಗೆಯೇ. ನಿಮ್ಮಲ್ಲಿ ಎಷ್ಟು ಜನ ಬಿಸಿ ರೊಟ್ಟಿ ಉಂಡಿದ್ದೀರಿ, ನೀವೇ ನೆನಪು ಮಾಡಿಕೊಳ್ಳಿ.

ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಒಲೆಯ ಮುಂದೆ ಕೂತಿದ್ದವಳು ಹುಡುಗನ ತಾಯಿ. ನನ್ನನ್ನು ನೋಡಿ ಏಳಲು ಹೋದಳು, ಮೊಣಕಾಲು ಹಿಡಿದುಕೊಂಡಿತು. ‘ಕೂಡ್ರಿ ಕೂಡ್ರಿ’ ಎಂದೆ. ‘ರೊಟ್ಟಿ ಚಂದ ಆಗ್ಯಾವೇನ್ರಿ ಬಾಯೋರೆ?’ ಎಂದು ಕೇಳಿದಳು. ಕೇಳುತ್ತಲೇ ಒಂದು ರೊಟ್ಟಿಗೆ ಒದ್ದೆ ಅರಿವೆ ಒತ್ತಿ, ತಿರುವಿ ಹಾಕಿದಳು. ಗೋಡೆಗೆ ಬೆನ್ನು ಹತ್ತಿತ್ತು, ತಲೆಯ ಮೇಲೆ ಒಂದು ಸಣ್ಣ ಕಿಟಕಿ. ದಿನಕ್ಕೆ ನೂರೈವತ್ತು ರೊಟ್ಟಿ, ಆದಿತ್ಯವಾರ ಇನ್ನೂರು ದಾಟುತ್ತದಂತೆ. ‘ನೀವು ಉಂಡ್ರೇನು?’ ಎಂದು ಕೇಳಿದೆ. ‘ಇನ್ನೂ ಗಿರಾಕಿ ಅವರಲ್ಲ’ ಎಂದು ನಕ್ಕಳು. ಹೊತ್ತು ಆಗ ಮೂರು ಗಂಟೆ.

ಆಗ ನನಗೆ ತಿಳಿದದ್ದು ಇಷ್ಟೇ: ನಾನು ಒಂದು ದಿನ ಹಂಚಿನ ಈಚೆಗೆ ಬಂದು ಕೂತಿದ್ದೆ, ಅಷ್ಟೇ. ಆಚೆಗೆ ಇನ್ನೊಬ್ಬಳು ಕೂತಿದ್ದಳು. ತಣ್ಣಗಿನ ರೊಟ್ಟಿ ಎಲ್ಲೂ ಹೋಗಿರಲಿಲ್ಲ, ನನ್ನ ತಟ್ಟೆಯಿಂದ ಅವಳ ತಟ್ಟೆಗೆ ಹೋಗಿತ್ತು.

ಹೊರಗೆ ಬಂದು ಕೂತಾಗ ಹುಡುಗ ಉತ್ಸಾಹದಿಂದ ಮತ್ತೆ ಕ್ಯಾಟಲೋನಿಯಾದ ಮಾತು ತೆಗೆದ. ಕೋರ್ಸಿನಲ್ಲಿ ಕಲಿತದ್ದಂತೆ. ಅಲ್ಲಿ ಸಮುದ್ರದ ದಂಡೆಯ ರೋಸೆಸ್ ಎಂಬ ಊರಿನ ಹತ್ತಿರ ಎಲ್ ಬುಲ್ಲಿ ಎಂಬ ಹೋಟೆಲಿತ್ತು. ಫೆರಾನ್ ಆಡ್ರಿಯಾ ಎಂಬ ಅಡುಗೆಯವರು ತರಕಾರಿಯ ರಸವನ್ನು ನೊರೆ ಮಾಡಿ, ಹಣ್ಣಿನ ರಸವನ್ನು ಮೀನಿನ ತತ್ತಿಯಂಥ ಮಣಿ ಮಾಡಿ ಬಡಿಸಿ ಲೋಕಕ್ಕೆಲ್ಲ ಹೆಸರಾದರು. 2011ರಲ್ಲಿ ಆ ಹೋಟೆಲು ಮುಚ್ಚಿತು. ಅದೇ ನಾಡಿನಲ್ಲಿ ಸಾಂತ್ ಪೋಲ್ ಎಂಬ ಊರಿನ ಕಾರ್ಮೆ ರುಸ್ಕಾಯೆದಾ ಎಂಬ ಹೆಂಗಸು, ಯಾವ ದೊಡ್ಡ ಅಡುಗೆ ಶಾಲೆಯಲ್ಲೂ ಕಲಿಯದೆ, ತನ್ನ ಊರಿನಲ್ಲೇ 1988ರಲ್ಲಿ ಹೋಟೆಲು ತೆಗೆದು, ಹೋಟೆಲಿನವರಿಗೆ ಸಿಗುವ ಅತಿ ದೊಡ್ಡ ಗೌರವವಾದ ಮೂರು ಮಿಶೆಲಿನ್ ನಕ್ಷತ್ರ ಪಡೆದು, 2018ರವರೆಗೆ ಅದನ್ನು ನಡೆಸಿದರು.

ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಅವನು ಹೇಳಿದ ಮೂರನೆಯ ಕತೆ. ಜಿರೋನಾ ಎಂಬ ಊರಿನ ಅಂಚಿನಲ್ಲಿ, ದುಡಿಯುವ ಜನರ ಬಡಾವಣೆಯಲ್ಲಿ, 1967ರಲ್ಲಿ ರೊಕಾ ಮನೆತನದ ಗಂಡ ಹೆಂಡತಿ ಒಂದು ಸಣ್ಣ ಊಟದ ಹೋಟೆಲು ಹಾಕಿದರು. ನಮ್ಮ ಮಾತಿನಲ್ಲಿ ಖಾನಾವಳಿ. ಅಡುಗೆ ಹೆಂಡತಿಯದು; ಮೊಂಟ್ಸೆರಾತ್ ಫೊಂಟಾನೆ ಎಂದು ಅವರ ಹೆಸರು. ಅವರ ಮೂವರು ಗಂಡುಮಕ್ಕಳಲ್ಲಿ ದೊಡ್ಡವರಿಬ್ಬರು 1986ರಲ್ಲಿ ಅದರ ಪಕ್ಕದಲ್ಲೇ ಹೊಸ ಬಗೆಯ ಹೋಟೆಲು ತೆಗೆದರು, ಮುಂದೆ ಚಿಕ್ಕವನೂ ಕೂಡಿಕೊಂಡ. ಎಲ್ ಸೆಲ್ಲರ್ ದೆ ಕಾನ್ ರೊಕಾ ಎಂಬ ಆ ಹೋಟೆಲು 2013ರಲ್ಲಿ ಒಮ್ಮೆ, 2015ರಲ್ಲಿ ಇನ್ನೊಮ್ಮೆ, ಜಗತ್ತಿನ 50 ಶ್ರೇಷ್ಠ ಹೋಟೆಲುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ಇಷ್ಟಾದರೂ ಆ ಹೋಟೆಲಿನ ಕೆಲಸದವರು ಊಟದ ಹೊತ್ತಿಗೆ ನಡೆದುಕೊಂಡು ಹೋಗಿ ಉಣ್ಣುತ್ತಿದ್ದುದು ತಾಯಿಯ ಖಾನಾವಳಿಯಲ್ಲಿ. ತಮ್ಮ ಅಡುಗೆಯ ಬೇರು ಅಲ್ಲಿದೆ ಎಂದು ಮಕ್ಕಳು ಎಲ್ಲರ ಮುಂದೆ ಹೇಳಿಕೊಂಡರು. ತಾಯಿಯ ಹೆಸರು ಹುಮನಾಬಾದಿನ ಆರು ಮೇಜಿನ ಹೋಟೆಲಿಗೂ ಬಂದು ಮುಟ್ಟಿದೆ ನೋಡಿ.

ನನಗೆ ಮಾತಿಗೆ ಎಳೆ ಸಿಕ್ಕಿತು. ‘ಆ ಅವ್ವನ ಹೆಸರು ನಿನಗ ಗೊತ್ತದ. ನಿನ್ನ ಅವ್ವನ ಹೆಸರು ನಿನ್ನ ಮೆನು ಕಾರ್ಡಿನಾಗ ಎಲ್ಲಿ ಅದ?’ ಎಂದೆ. ಕಾರ್ಡಿನ ಹಿಂದೆ ಟೋಪಿ ಹಾಕಿಕೊಂಡ ಇವನ ಫೋಟೋ ಇತ್ತು, ಕೆಳಗೆ ‘ಶೆಫ್’ ಎಂದು ಬರೆದಿತ್ತು.

ಅವನು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ನಿಮ್ಮ ಮಾತು ಖರೆ ಅದರಿ. ಆದ್ರ ಅವ್ವನ ರೊಟ್ಟಿ ಅಂತ ಬರದ್ರ ಜನ ಖಾನಾವಳಿ ಅಂತಾರ, ಹತ್ತು ರೂಪಾಯಿ ಕೊಡ್ತಾರ. ಶೆಫ್ ಅಂತ ಬರದ್ರ ನಾಲ್ವತ್ತು ಕೊಡ್ತಾರ. ಬ್ಯಾಂಕಿನ ಕಂತು ಆ ಮೂವತ್ತರ ಮ್ಯಾಲ ನಿಂತದ.’

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹತ್ತೇ ರೂಪಾಯಿ ಕೊಡುವವರಲ್ಲಿ ನಾನೂ ಒಬ್ಬಳಲ್ಲವೇ? ಮನೆಗೆ ಪಾಹುಣರು ಬಂದಾಗ ಓಣಿಯ ಹೆಂಗಸಿನಿಂದ ರೊಟ್ಟಿ ತರಿಸುವಾಗ ಒಂದು ರೂಪಾಯಿಗೆ ಚೌಕಾಸಿ ಮಾಡಿದ್ದೇನೆ. ಮಾರ್ಟಿನಲ್ಲಿ ಪೊಟ್ಟಣದ ಬಿಸ್ಕತ್ತಿಗೆ ಬರೆದಷ್ಟು ಬೆಲೆ ತಲೆ ತಗ್ಗಿಸಿ ಕೊಡುತ್ತೇನೆ. ಹೆಂಗಸು ಮನೆಯಲ್ಲಿ ಮಾಡುವ ಕೆಲಸವೆಂದರೆ ಅದಕ್ಕೆ ಬೆಲೆಯಿಲ್ಲ ಎಂದು ನಮಗೆ ಕಲಿಸಿದವರು ಯಾರೋ ಏನೋ, ಆ ಪಾಠವನ್ನು ನಾವು ಹೆಂಗಸರೇ ಎಲ್ಲರಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದೇವೆ.

ಬಿಲ್ಲು ಕೊಟ್ಟು ಹೊರಡುವ ಮುಂಚೆ ತಾಯಿಯನ್ನೂ ಕೇಳಿದೆ, ‘ನಿಮ್ಮ ಹೆಸರು ಬೋರ್ಡಿನ ಮ್ಯಾಲ ಬಂದ್ರ ಹ್ಯಾಂಗ?’ ಎಂದು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ‘ಹೆಸರು ತಗೊಂಡು ಏನ್ ಮಾಡ್ಲಿ ಬಾಯೋರೆ? ನನಗ ಒಬ್ಬಾಕಿ ಕೈಯಾಳು ಬೇಕು. ಈ ಒಲಿ ಎತ್ತರಕ್ಕ ಬೇಕು, ನಿಂತು ಬಡಿಲಾಕ. ಮತ್ತ ಎರಡಕ್ಕ ಉಣ್ಣಾಕ ಬಿಟ್ರ ಸಾಕು’ ಎಂದಳು. ಬಸ್ಸಿನಲ್ಲಿ ಕೂತು ಬರುವಾಗ ಆ ಮಾತು ನನ್ನನ್ನು ಬಹಳ ನಾಚಿಸಿತು. ನಾನು ಅವಳಿಗೆ ಗೌರವ ಕೊಡಿಸಲು ಹೊರಟಿದ್ದೆ. ಅವಳಿಗೆ ಬೇಕಾಗಿದ್ದದ್ದು ಭುಜದ ನೋವಿಗೆ ಬಿಡುವು. ಪುಸ್ತಕ ಓದಿದವರ ಕಷ್ಟವೇ ಇದು. ಮೊದಲು ಹೆಸರು ಕಾಣುತ್ತದೆ, ಆಮೇಲೆ ಮೊಣಕಾಲು.

ಹಾಗೆಂದು ಹೆಸರು ಬೇಡವೆಂದಲ್ಲ. ಹೆಸರಿನ ಜೊತೆಗೆ ಬೆಲೆಯೂ ಬರುವಂತೆ ಮಾಡಿದವರಿದ್ದಾರೆ. ಮುಂಬಯಿಯಲ್ಲಿ ಬಟ್ಟೆ ಗಿರಣಿಗಳ ಕೆಲಸಗಾರರಿಗೆ ತಮ್ಮ ಮನೆಯಲ್ಲೇ ಅಡುಗೆ ಮಾಡಿ ಉಣಿಸುತ್ತಿದ್ದ ಖಾನಾವಳಿಯ ಹೆಂಗಸರು ಸಾಹುಕಾರರ ಬಡ್ಡಿಯಲ್ಲಿ ಮುಳುಗಿದ್ದರು. 1975ರಲ್ಲಿ ಪ್ರೇಮಾ ಪುರವ್ ಅವರು ಇಂಥವರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಬ್ಯಾಂಕಿನ ಸಾಲ ಸಿಗುವಂತೆ ಮಾಡಿದರು. ಈಗ ನಮ್ಮ ಪಕ್ಕದ ಜಿಲ್ಲೆಯಲ್ಲಿ ಹೆಂಗಸರ ಸ್ವಸಹಾಯ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜೋಳದ ರೊಟ್ಟಿ ಮಾರುತ್ತಿವೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಜೋಳದ ಪೌಷ್ಟಿಕತೆಯ ಬಗ್ಗೆ ಎಷ್ಟೊಂದು ಭಾಷಣ ಕೇಳಿದೆವು. ಜೋಳ ತಾನಾಗಿ ರೊಟ್ಟಿಯಾಗುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಯಾವ ಭಾಷಣದಲ್ಲೂ ಕೇಳಲಿಲ್ಲ.

ಹುಡುಗ ಕೇಳಿದ ನಂಬರು ಇನ್ನೂ ಬಾಕಿ ಇದೆ. ಅಡುಗೆಗೆ ನೂರಕ್ಕೆ ಎಪ್ಪತ್ತು. ಅಂಬಲಿ ಮತ್ತು ಟೊಮೆಟೊ ರೊಟ್ಟಿಗಾಗಿ ಅವನನ್ನು ಮೆಚ್ಚಬೇಕು. ಹೊರಗಿನದನ್ನು ನೋಡಿ ಕಲಿತು ಒಳಗಿನದರಿಂದಲೇ ಮಾಡುವುದು ಹೇಗೆಂದು ಅವನಿಗೆ ಗೊತ್ತಿದೆ. ಪುಂಡಿಯ ಉಂಡೆ ಬಿಡಬೇಕು, ಗೋಡಂಬಿ ಬಿಡಬೇಕು, ಭಜ್ಜಿಗೆ ಎಳ್ಳಮಾವಾಸ್ಯೆಯವರೆಗೆ ಕಾಯಬೇಕು, ಮೆನುವಿನಲ್ಲಿ ಕನ್ನಡದ ಹೆಸರು ಬರೆಯಬೇಕು. ಪರದೆ ಇಲ್ಲದ ಮೇಜಿಗೆ ಹತ್ತು ಹೆಚ್ಚಿನ ಅಂಕ. ರೊಟ್ಟಿಗೆ ನಾನು ಅಂಕ ಹಾಕಲಾರೆ, ಅದು ನನಗೆ ಕಲಿಸುವಷ್ಟು ಚೆನ್ನಾಗಿತ್ತು. ಒಳಗಿನ ಅಡುಗೆಮನೆಗೆ ಮಾತ್ರ, ಮನಸ್ಸು ಗಟ್ಟಿ ಮಾಡಿಕೊಂಡು, ನಪಾಸು ಎಂದು ಬರೆದಿದ್ದೇನೆ. ಮರುಪರೀಕ್ಷೆಗೆ ಅವಕಾಶವಿದೆ ಎಂದೂ ಬರೆದಿದ್ದೇನೆ. ಮೂರನೆಯ ಬೆಂಚಿನ ಹುಡುಗರನ್ನು ನಾನು ಬಲ್ಲೆ, ಎರಡನೆಯ ಸಲಕ್ಕೆ ಅವರು ಪಾಸಾಗುತ್ತಾರೆ.

ಆ ರಾತ್ರಿ ಮನೆಗೆ ಬಂದಾಗ ನಮ್ಮ ಮನೆಯವರು, ‘ಊಟ ಹ್ಯಾಂಗಿತ್ತು?’ ಎಂದು ಕೇಳಿದರು. ‘ಬಿಸಿ ಇತ್ತು’ ಎಂದೆ. ‘ಅಷ್ಟೇನಾ?’ ಎಂದರು. ಅಷ್ಟೇ ಎಂದು ಹೇಳಿ ಪರಾತಕ್ಕೆ ಹಿಟ್ಟು ಹಾಕಿ ಎಸರಿಟ್ಟೆ. ಎರಡು ರೊಟ್ಟಿ ಬಡಿದು, ಅವರಿಗೊಂದು ನನಗೊಂದು ಹಾಕಿಕೊಂಡು, ಒಲೆ ಸಣ್ಣ ಮಾಡಿ ಅವರ ಪಕ್ಕ ಕೂತು ಉಂಡೆ. ಆಮೇಲೆ ಎದ್ದು ಇನ್ನೆರಡು ಬಡಿದೆ. ಊಟ ಮುಗಿಯಲು ಅರ್ಧ ತಾಸು ಹೆಚ್ಚು ಹಿಡಿಯಿತು, ಯಾರೂ ಹಸಿವಿನಿಂದ ಸಾಯಲಿಲ್ಲ. ನೀವೂ ಮಾಡಿ ನೋಡಿ. ಮತ್ತೆ ಹೊರಗೆ ಎಲ್ಲಾದರೂ ಒಳ್ಳೆಯ ರೊಟ್ಟಿ ಉಂಡಾಗ, ಕೈ ತೊಳೆಯುವ ನೆಪದಲ್ಲಾದರೂ ಒಮ್ಮೆ ಒಳಗೆ ಹೋಗಿ, ಹಂಚಿನ ಮುಂದೆ ಕೂತವಳು ಉಂಡಿದ್ದಾಳೆಯೇ ಎಂದು ಕೇಳಿ ಬನ್ನಿ.